ಕಳಿಗಣ್ಣು

ಪುಲ್ಪಳ್ಳಿ ದಾಟಿದ ಮೇಲೆ ಅಂಬಿಳಿಗೆ ಬಸ್ಸಿನಲ್ಲಿ ಸೀಟು ಸಿಕ್ಕಿತು. ಕೂತಳೋ ಇಲ್ಲವೋ, ಕೈ ಬ್ಯಾಗಿನೊಳಗೆ ಹೋಯಿತು. ಬ್ಯಾಗಿನಲ್ಲಿ ಎರಡು ಫೋನು. ಒಂದು ಅವಳದು, ಇನ್ನೊಂದು ಎಂಟು ತಿಂಗಳ ಹಿಂದೆ ಸತ್ತ ಗಂಡ ಸುಧೀಷನದು. ಅವನದಕ್ಕೆ ಒಂದು ಮೂಲೆ ಒಡೆದಿದೆ. ನೋಡದೆಯೂ ಬೆರಳಿಗೆ ಗೊತ್ತಾಗುತ್ತದೆ. ಬೆರಳು ಒಡೆದ ಮೂಲೆಯನ್ನು ಮುಟ್ಟಿ, ಹಿಂದೆ ಸರಿದು, ತನ್ನದನ್ನು ಎಳೆದುಕೊಂಡಿತು. ಹಣ್ಣುಗಳ ಆಟ ತೆರೆಯಿತು. ಒಂದೇ ಬಣ್ಣದ ಮೂರು ಹಣ್ಣು ಸಾಲಾದರೆ ಒಡೆದು ಮಾಯವಾಗುತ್ತವೆ, ಮೇಲಿನಿಂದ ಬೇರೆ ಹಣ್ಣು ಉದುರುತ್ತವೆ. ಗೆದ್ದರೆ ಏನೂ ಇಲ್ಲ, ಸೋತರೂ ಏನೂ ಇಲ್ಲ. ಬೆಳಿಗ್ಗೆ ಸುಧೀಷನ ಗೆಳೆಯ ಶಿಜು ಕಳಿಸಿದ ಮೆಸೇಜನ್ನು ನಾಲ್ಕು ಸಲ ಓದಿಯಾಗಿತ್ತು. 'ಚೇಚಿ, ಇವತ್ತು ಮೂರು ಗಂಟೆಗೆ ಕೇಣಿಚಿರಕ್ಕೆ ಬರ್ತೀನಿ. ಸುಧಿ ಫೋನ್ ತಂದಿರಿ. ಅವನ ಗೇಮ್ ಐಡಿ ಯಾರೋ ಕದ್ದು ಆಡ್ತಾ ಇದಾರೆ. ಇವತ್ತು ಹಿಡಿದೇ ಹಿಡೀತೀನಿ.' ಕದ್ದು ಆಡುತ್ತಿದ್ದವಳು ಅವಳೇ. ಐದು ವಾರದಿಂದ, ದಿನಾ ಮಧ್ಯಾಹ್ನ, ಸತ್ತವನ ಹೆಸರಿನಲ್ಲಿ. ಮೂರು ಗಂಟೆಗೆ ಇನ್ನೂ ಐದೂವರೆ ಗಂಟೆ ಇತ್ತು. ಅಷ್ಟು ಹೊತ್ತನ್ನು ಎಲ್ಲಿಡುವುದೆಂದು ತಿಳಿಯದೆ ಎರಡು ಕಿತ್ತಳೆಗಳನ್ನು ಮೂರನೆಯದರ ಪಕ್ಕಕ್ಕೆ ತಳ್ಳಿದಳು.

"ಸೂಪರ್!" ಎಂದು ಫೋನು ಹೆಣ್ಣಿನ ದನಿಯಲ್ಲಿ ಕೂಗಿತು. ಸದ್ದು ನಿಲ್ಲಿಸಲು ಮರೆತಿದ್ದಳು. ಪಕ್ಕದಲ್ಲಿ ಕೂತಿದ್ದ ಮರಕ್ಕಡವಿನ ಶೋಭ ಚೇಚಿ, ಊರಿಗೆಲ್ಲ ಅಕ್ಕ, ಕತ್ತು ಚಾಚಿದಳು.

"ಎಂತ ಮೋಳೇ, ಬಣ್ಣ ಬಣ್ಣ ಉದುರ್ತದೆ? ಕಳಿಯಾ?"

"ಅಲ್ಲ ಚೇಚಿ. ಅಂಗಡಿ ಕೆಲಸ. ಆಧಾರ್ ಫಾರಂ."

"ಓ. ಆಧಾರಿಗೆ ಈಗ ಸೂಪರ್ ಅಂತಾನೂ ಕೂಗ್ತಾರಾ?"

ಮುಂದಿನ ಸೀಟಿನ ಇಬ್ಬರು ತಿರುಗಿ ನೋಡಿದರು. ಒಬ್ಬಳು ಸೆರಗಿನೊಳಗೆ ನಕ್ಕಳು. ಅಂಬಿಳಿಯ ಕಿವಿ ಬಿಸಿಯಾಯಿತು. ಶೋಭ ಚೇಚಿ ಅವಳ ತೊಡೆ ತಟ್ಟಿ ದನಿ ತಗ್ಗಿಸಿದಳು. "ಆಡು ಮೋಳೇ, ಆಡು. ಎಂಟು ತಿಂಗಳಾಯ್ತಲ್ಲ." ನಗು ಆಗಿದ್ದರೆ ತಡೆದುಕೊಳ್ಳಬಹುದಿತ್ತು, ತಿಂಗಳು ಎಣಿಸಿ ಕೊಟ್ಟ ಅಪ್ಪಣೆಯನ್ನು ಎಲ್ಲಿಡುವುದು? ಫೋನನ್ನು ಬ್ಯಾಗಿಗೆ ಹಾಕಿ ಎದ್ದು ನಿಂತಳು. ಇಳಿಯುವ ಜಾಗ ಇನ್ನೂ ದೂರವಿತ್ತು.

ಕಂಬಿ ಹಿಡಿದು ನಿಂತಾಗ ಕಾಫಿ ಹೂವಿನ ವಾಸನೆ ಒಂದೇ ಸಲಕ್ಕೆ ಬಸ್ಸಿನೊಳಗೆ ನುಗ್ಗಿತು, ಹಿಂದೆಯೇ ಡೀಸೆಲ್ ವಾಸನೆ. 'ನಿನ್ನದು ಬಸ್ಸು ಬರೋವರೆಗಿನ ಕಳಿ' ಎಂದು ಅವಳ ಹಣ್ಣಿನ ಆಟವನ್ನು ಹಂಗಿಸುತ್ತಿದ್ದ ಸುಧೀಷ್. 'ನಮ್ಮದಕ್ಕೆ ಬಸ್ಸನ್ನೇ ಬಿಡಬೇಕು.' ಹಾಗೆ ಬಿಟ್ಟಿದ್ದೂ ಉಂಟು. ಮದುವೆಯಾದ ವರ್ಷ ಅವಳ ತವರಿಗೆ ಹೊರಟಾಗ ಪೆರಿಕಲ್ಲೂರಿನ ಸ್ಟಾಪಿನಲ್ಲಿ ಹತ್ತೂವರೆಯ ಬಸ್ಸು ಬಂತು, ನಿಂತಿತು, ಹೋಯಿತು. ಇವನು ಫೋನಿನಿಂದ ತಲೆಯೆತ್ತದೆ 'ಹಿಂದೆ ಹಿಂದೆ, ಮನೆಯೊಳಗೆ ಇಬ್ಬರು' ಎಂದು ಯಾರಿಗೋ ಹೇಳುತ್ತಿದ್ದ. ಅವಳು ಸೀರೆಯ ನೆರಿಗೆ ಹಿಡಿದುಕೊಂಡು ಒಂದು ಗಂಟೆ ನಿಂತಳು. ಸಿಟ್ಟು ಬಂದದ್ದು ಬಸ್ಸಿಗಲ್ಲ. ಆ 'ಇಬ್ಬರು' ಎಂಬ ಮಾತಿನಲ್ಲಿದ್ದ ಎಚ್ಚರಕ್ಕೆ. ಬೇರೆಯವರ ಗದ್ದೆಯಲ್ಲಿ ಬೆಳಗಿನಿಂದ ಸಂಜೆಯವರೆಗೆ ಕೆಸರಿನಲ್ಲಿ ನಿಲ್ಲುವವನನ್ನು ಅಲ್ಲಿ ಯಾರೂ ಹೆಸರು ಹಿಡಿದು ಕರೆಯುವುದಿಲ್ಲ. ಈ ಆಟದಲ್ಲಿ ಕೋಝಿಕ್ಕೋಡಿನ, ಮೈಸೂರಿನ, ಎಲ್ಲೆಲ್ಲಿಯೋ ಹುಡುಗರು ಅವನು ಬರುವವರೆಗೆ ಕಾಯುತ್ತಾರೆ. ಅವನು ಹೇಳಿದರೆ ನುಗ್ಗುತ್ತಾರೆ, ಬೇಡವೆಂದರೆ ನಿಲ್ಲುತ್ತಾರೆ. ಅವಳ ಆಟದಲ್ಲಿ ಯಾರೂ ಕಾಯುವುದಿಲ್ಲ. ಅವಳಿಗೆ ಬೇಕಾಗಿದ್ದದ್ದು ಅದೇ. ಅವನಿಗೆ ಬೇಡವಾಗಿದ್ದದ್ದೂ ಅದೇ. ಕಬನಿ ಹೊಳೆಯ ಆಚೆ ಕರ್ನಾಟಕದ ಟವರು; ದೋಣಿ ಕಡವಿನ ಮೆಟ್ಟಿಲ ಮೇಲೆ ಕೂತರೆ ಅದರ ನೆಟ್‌ವರ್ಕ್ ಚೆನ್ನಾಗಿ ಸಿಗುತ್ತಿತ್ತು. ಗದ್ದೆಯಿಂದ ಬಂದವನು ಕಾಲು ತೊಳೆದು ಅಲ್ಲೇ ಕೂತುಬಿಡುತ್ತಿದ್ದ. ಬರುವಾಗ ಕಣ್ಣು ಕೆಂಪು.

ಆ ಕಣ್ಣಿಗೆ ಹೆಸರಿಟ್ಟವಳು ಅವಳು. ಇಲ್ಲಿಯವರಿಗೆ ಆಟವೆಂದರೆ ಕಳಿ, ಮಲಯಾಳದ ಮಾತು. ಮನೆಮಾತು ಕನ್ನಡವಾದರೂ ಶಾಲೆಯಿಂದ, ಸಂತೆಯಿಂದ ಬಂದ ಮಾತು ಮನೆಯಲ್ಲೇ ಉಳಿದುಬಿಟ್ಟಿದೆ. ಕಣ್ಣು ಮಾತ್ರ ಕನ್ನಡದ್ದು. ಒಂದು ಸಂಜೆ ಅವನು ಕಣ್ಣುಜ್ಜುತ್ತ ಅಡುಗೆಮನೆಯ ಬಾಗಿಲಿಗೆ ಬಂದಾಗ ಅವಳ ಬಾಯಿಗೆ ತಾನಾಗಿ ಬಂತು: "ಬಂದ್ರಾ? ಏನಿದು, ಕಳಿಗಣ್ಣು!" ಅತ್ತೆ ಎಷ್ಟು ನಕ್ಕಳೆಂದರೆ ಕೈಯಲ್ಲಿದ್ದ ಸೌಟು ಒಲೆಗೆ ಬಿತ್ತು. ಆಮೇಲೆ ಅದು ಮನೆಯ ಮಾತಾಯಿತು. ಅತ್ತೆಯೇ ಕೇಳುತ್ತಿದ್ದಳು, ಇವತ್ತು ಕಳಿಗಣ್ಣು ಎಷ್ಟು ಸೇರು ಅಂತ. ಮೈಸೂರಿನಲ್ಲಿ ಕನ್ನಡ ಎಂಎ ಓದುವಾಗ ಎರಡು ಪದ ಸೇರಿ ಒಂದಾಗುವ ಬಗ್ಗೆ ಅವಳು ಇಪ್ಪತ್ತು ಪುಟದ ಪ್ರಬಂಧ ಬರೆದಿದ್ದಳು. ಹೆಸರಿಟ್ಟ ವಸ್ತುವನ್ನು ಆಮೇಲೆ ಯಾರೂ ನೋಡುವುದಿಲ್ಲ ಎಂಬುದು ಆ ಇಪ್ಪತ್ತು ಪುಟದಲ್ಲಿ ಎಲ್ಲಿಯೂ ಇರಲಿಲ್ಲ.

ಆಟಿ ತಿಂಗಳ ಮಳೆಯಲ್ಲಿ, ನಾಟಿಯ ನಾಲ್ಕನೇ ದಿನ, ಅವನು ಕೆಂಪು ಕಣ್ಣಿನಲ್ಲೇ ಗದ್ದೆಯಿಂದ ಬಂದ. ಮೀನಖಂಡ ಹಿಡಿದುಕೊಂಡು ಮೆಟ್ಟಿಲ ಮೇಲೆ ಕೂತ. ಅವಳು ಕಳಿಗಣ್ಣು ಅಂದಳು. ಮರುದಿನವೂ ಅಂದಳು. ಮೂರನೆಯ ದಿನ ಕಣ್ಣು ಕೆಂಡದಂತಿತ್ತು. ಅವಳು ಫೋನು ಕಿತ್ತು ಅಕ್ಕಿಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿ, ಇನ್ನು ನಾಳೆ ಹೊತ್ತಿಗೆ ಬಿಳಿಯಾಗುತ್ತೆ ನೋಡಿ ಎಂದಳು. ಅವನು ನಕ್ಕ. ನಕ್ಕನೇ? ತುಟಿ ಒಣಗಿತ್ತು, ಹಲ್ಲು ಕಂಡಿತ್ತು, ಅದನ್ನು ನಗುವೆಂದುಕೊಂಡಳು. ಐದನೇ ದಿನ ಆಸ್ಪತ್ರೆಯಲ್ಲಿ ಎಳೆಯ ವಯಸ್ಸಿನ ಡಾಕ್ಟರು ಅವನ ರೆಪ್ಪೆ ಬಿಡಿಸಿ ನೋಡಿ, ಕಣ್ಣು ಯಾವಾಗಿನಿಂದ ಹೀಗಿದೆ ಎಂದು ಕೇಳಿದರು. "ಅದು ಕಳಿಗಣ್ಣು ಡಾಕ್ಟ್ರೇ" ಎಂದಳು. ಡಾಕ್ಟರು ಪೆನ್ನು ಹಿಡಿದುಕೊಂಡೇ ಅವಳ ಮುಖ ನೋಡಿದರು. ಅದು ಯಾವ ಭಾಷೆ ಎಂದು ಕೇಳಿದರು, ತಮಾಷೆಗಲ್ಲ, ಬರೆದುಕೊಳ್ಳುವುದಕ್ಕೆ. ಇಲಿಜ್ವರಕ್ಕೆ ಕಣ್ಣು ಹೀಗೇ ಕೆಂಪಾಗುತ್ತದೆ, ಕೀವಿಲ್ಲದೆ, ನೀರಿಲ್ಲದೆ. ಮೀನಖಂಡ ನೋಯುತ್ತದೆ. ಗದ್ದೆಯ ನೀರಿನಲ್ಲಿ ನಿಲ್ಲುವವರಿಗೆ ಬರುತ್ತದೆ. ಮೊದಲ ಎರಡು ದಿನ ಬಂದಿದ್ದರೆ, ಎಂದು ಶುರುಮಾಡಿದ ಡಾಕ್ಟರು ಆ ವಾಕ್ಯ ಮುಗಿಸಲಿಲ್ಲ. ಏಳನೇ ದಿನ ಎಲ್ಲ ಮುಗಿಯಿತು. ಅವಳು ಅಳಲಿಲ್ಲ, ಅಳುವ ಜಾಗದಲ್ಲಿ ಏನೋ ಹತ್ತಿ ತುರುಕಿದ ಹಾಗಿತ್ತು. ಇವತ್ತಿಗೂ ಇದೆ.

ಕೇಣಿಚಿರದಲ್ಲಿ ಇಳಿದು ಅಂಗಡಿಗೆ ನಡೆದಳು. ರೀನ ಚೇಚಿಯ ಅಂಗಡಿಯಲ್ಲಿ ಜೆರಾಕ್ಸು, ಆನ್‌ಲೈನ್ ಅರ್ಜಿ, ಪಾಸ್‌ಪೋರ್ಟ್ ಫೋಟೋ. ಹನ್ನೊಂದರವರೆಗೆ ಜನ. ಜಾತಿ ಪ್ರಮಾಣಪತ್ರಕ್ಕೆ ಬಂದ ಚಾತನ್ ಎಂಬ ಮುದುಕ ತನ್ನ ಹುಟ್ಟಿದ ದಿನ ಕೇಳಿದ್ದಕ್ಕೆ, ನೀನೇ ಒಳ್ಳೇದೊಂದು ನೋಡಿ ಹಾಕು ಮೋಳೇ ಎಂದ. ಅವಳು ತಪ್ಪು ಪೆಟ್ಟಿಗೆಯಲ್ಲಿ ತಪ್ಪು ತಾರೀಕು ಹೊಡೆದಳು, ಅಳಿಸಿದಳು, ಮತ್ತೆ ತಪ್ಪಿದಳು. ಬ್ಯಾಗು ಕಾಲ ಬಳಿ ಇತ್ತು. ಪಾದದಿಂದ ಅದನ್ನು ಒಮ್ಮೆ ಮೇಜಿನ ಒಳಗೆ ತಳ್ಳುವುದು, ಒಮ್ಮೆ ಹೊರಗೆಳೆಯುವುದು. ಫೋನು ಬೆಳಿಗ್ಗೆ ಮರೆತುಬಂದೆ ಎಂದರೆ? ಶಿಜು ನಾಳೆ ಮನೆಗೇ ಬರುತ್ತಾನೆ, ಅತ್ತೆಯ ಎದುರಿಗೇ ಕೇಳುತ್ತಾನೆ. ಮಗನ ಫೋನನ್ನು ಸೊಸೆ ದಿನಾ ಯಾಕೆ ಚಾರ್ಜು ಮಾಡುತ್ತಾಳೆ ಎಂದು ಅತ್ತೆ ಕೇಳಿದಾಗ, ರೇಷನ್ ಕಾರ್ಡಿನ ಒಟಿಪಿ ಅದಕ್ಕೇ ಬರುತ್ತದೆ ಎಂದು ಹೇಳಿದ್ದಳು. ಅತ್ತೆಗೆ ಅದೊಂದು ದೊಡ್ಡ ಸಮಾಧಾನವಾಗಿತ್ತು, ಮಗನ ನಂಬರಿಗೆ ಸರ್ಕಾರ ಇನ್ನೂ ಕಾಗದ ಕಳಿಸುತ್ತದಲ್ಲ ಎಂದು.

ಅವನ ಫೋನು ಮೊದಲ ಸಲ ತೆರೆದದ್ದು ಫೋಟೋ ನೋಡಲಿಕ್ಕೆ. ಬೆರಳು ಜಾರಿ ಆಟ ತೆರೆದುಕೊಂಡಿತು. ಪರದೆಯ ಮೇಲೆ ಚಿನ್ನದ ಅಕ್ಷರದಲ್ಲಿ ಬಂತು: ಮರಳಿ ಬಂದಿರಾ, ನಿಮಗಾಗಿ ಕಾಯುತ್ತಿದ್ದೆವು, ಇಷ್ಟು ದಿನ ದೂರವಿದ್ದವರಿಗೆ ನಮ್ಮ ಉಡುಗೊರೆ. ಬಂಗಾರದ ಬಣ್ಣದ ಒಂದು ಪ್ಯಾರಾಚೂಟು ಕೊಟ್ಟರು. ಅಂಗಡಿಯ ಹಿಂದಿನ ಕೋಣೆಯಲ್ಲಿ ಕಾಗದದ ಕಟ್ಟುಗಳ ನಡುವೆ ಕೂತು ಅವಳು ಆ ಉಡುಗೊರೆಯನ್ನು ತೆಗೆದುಕೊಂಡಳು. ಬೇರೆ ಯಾರೂ, ಏಳು ತಿಂಗಳಲ್ಲಿ, ಅವನು ಬಂದನೆಂದು ಹೇಳಿರಲಿಲ್ಲ. ನೂರು ಜನರನ್ನು ವಿಮಾನದಿಂದ ಒಂದು ದ್ವೀಪಕ್ಕೆ ಇಳಿಸುತ್ತಾರೆ, ಕೊನೆಗೆ ಉಳಿದವರು ಗೆದ್ದರು, ಅಷ್ಟೇ ಅವಳಿಗೆ ಗೊತ್ತಿದ್ದದ್ದು. ಇಳಿದಳು. ಒಂದು ನಿಮಿಷದೊಳಗೆ ಯಾರೋ ಹೊಡೆದರು. ಮರುದಿನ ಊರಿನಿಂದ ದೂರ, ಹೊಳೆಯ ಪಕ್ಕ ಇಳಿದಳು. ಹುಲ್ಲಿನಲ್ಲಿ ಬಾಗಿ ನಡೆದಳು. ಅವನ ಬೆನ್ನು ಅವಳ ಮುಂದೆ ನಡೆಯುತ್ತಿತ್ತು. ನೀಲಿ ಅಂಗಿಯ ಆ ಗೊಂಬೆಗೆ ಅವನು ಯಾವಾಗಲೋ ಕೊಡಿಸಿದ ಒಂದು ಹಳೇ ಟೊಪ್ಪಿಗೆ. ಎಲ್ಲಿ ಕರೆದರೆ ಅಲ್ಲಿಗೆ ಬರುವ ಬೆನ್ನು. ಅವನ ಜೊತೆ ಇಷ್ಟು ಹೊತ್ತು ಮಾತಿಲ್ಲದೆ ನಡೆದದ್ದು ಅವಳಿಗೆ ನೆನಪಿರಲಿಲ್ಲ. ಅಷ್ಟೇ ಆಗಿದ್ದರೆ ಯಾರಿಗಾದರೂ ಹೇಳಬಹುದಿತ್ತು. ಆದರೆ ಇನ್ನೊಂದಿತ್ತು. ಹುಲ್ಲಿನಲ್ಲಿ ಕೂತಾಗ ದೂರದಲ್ಲಿ ಹೆಜ್ಜೆಯ ಸದ್ದು ಕೇಳಿದರೆ ಅವಳ ಎದೆ ಹೊಡೆದುಕೊಳ್ಳುತ್ತಿತ್ತು. ನಿಜವಾಗಿ ಹೊಡೆದುಕೊಳ್ಳುತ್ತಿತ್ತು. ಎಂಟು ತಿಂಗಳಲ್ಲಿ ಅವಳ ಮೈಯಲ್ಲಿ ಏನಾದರೂ ಆದದ್ದು ಆ ಇಪ್ಪತ್ತು ನಿಮಿಷದಲ್ಲಿ ಮಾತ್ರ. ಅದಕ್ಕಾಗಿ ದಿನಾ ಹೋದಳು. ಅವಳು ಸತ್ತಷ್ಟೂ ಅವನ ದರ್ಜೆ ಇಳಿಯಿತು. ಹೆಸರಿನ ಪಕ್ಕ ಕೆಂಪು ಹದ್ದಿತ್ತು, ಅದು ಬೆಳ್ಳಿಯ ಗಿಡುಗವಾಯಿತು, ಈಗ ಒಂದು ಕಂಚಿನ ಕಾಗೆ ಕೂತಿತ್ತು. ನಾಲ್ಕು ವರ್ಷ ಕಣ್ಣು ಕೆಂಪು ಮಾಡಿಕೊಂಡು ಅವನು ಹತ್ತಿದ್ದನ್ನು ಐದು ವಾರದಲ್ಲಿ ಇಳಿಸಿಬಿಟ್ಟಿದ್ದಳು. ಬದುಕಿದ್ದಾಗಲೂ ಇಳಿಸಿದವಳೇ, ಎಂದುಕೊಂಡು ಪ್ರಿಂಟರಿನಿಂದ ಬಿಸಿಯಾದ ಕಾಗದ ಎಳೆದಳು.

ಎರಡೂವರೆಗೇ ಬಂದ ಶಿಜು. ಆಟೋವನ್ನು ಅಂಗಡಿಗೆ ಅಡ್ಡವಾಗಿ ನಿಲ್ಲಿಸಿದ್ದಕ್ಕೆ ರೀನ ಚೇಚಿ ಒಳಗಿನಿಂದಲೇ ಗದರಿದಳು. "ಎಡಾ, ಬರೋ ಗಿರಾಕಿ ನಿನ್ನ ಆಟೋ ಹತ್ತಿ ಇಳಿದು ಒಳಗೆ ಬರಬೇಕಾ?"

"ಹತ್ತಿದ್ರೆ ಮಿನಿಮಂ ಚಾರ್ಜ್ ಚೇಚಿ," ಎಂದು ನಕ್ಕು ಅವನು ಆಟೋ ಸರಿಸಿ, ಅಂಬಿಳಿಯ ಹಿಂದೆ ಹಿಂಬದಿಯ ಕೋಣೆಗೆ ಬಂದ. ಒಳಗೆ ಬಂದ ಮೇಲೆ ನಗು ಇರಲಿಲ್ಲ. ಕಾಗದದ ಕಟ್ಟಿನ ಮೇಲೆ ಅಂಚಿಗೆ ಕೂತ. ಸುಧೀಷನ ಜೊತೆ ಆಡುತ್ತಿದ್ದ ನಾಲ್ವರಲ್ಲಿ ಪೆರಿಕಲ್ಲೂರಿನವನು ಇವನೊಬ್ಬನೇ. ಹೆಣ ಎತ್ತಿದಾಗ ಮುಂದಿನ ಬಲಗಡೆ ಹೆಗಲು ಕೊಟ್ಟವನು.

"ದಿನಾ ಒಂದೂವರೆಗೆ ಹಸಿರು ಚುಕ್ಕಿ ಬರ್ತದೆ ಚೇಚಿ, ಅವನ ಹೆಸರಿನ ಪಕ್ಕ. ಮೊದಲ ದಿನ ಓಡಿಸ್ತಾ ಇದ್ದಾಗಲೇ ನೋಡಿದೆ. ಆಟೋದಲ್ಲಿ ಪ್ಯಾಸೆಂಜರ್ ಇದ್ರು. ನಿಲ್ಲಿಸಿಬಿಟ್ಟೆ."

ಅಂಬಿಳಿ ಬ್ಯಾಗಿನಿಂದ ಸುಧೀಷನ ಫೋನು ತೆಗೆದಳು.

"ಕದ್ದವನು ಒಳ್ಳೇ ಆಟಗಾರ ಆಗಿದ್ರೂ ಬೇಜಾರಿಲ್ಲ. ಇವನು ಯಾವನೋ ಮಂಡ. ನೂರಾ ಹತ್ತು ಮ್ಯಾಚು, ಒಂದೇ ಒಂದು ಗುಂಡು ಹೊಡೆದಿಲ್ಲ! ಸುಧಿ ಹೆಸರಿಟ್ಕೊಂಡು ಹುಲ್ಲಲ್ಲಿ ಅಡಗ್ತಾನೆ. ಕೋಝಿಕ್ಕೋಡಿನವರು ನಗ್ತಾರೆ. ಇವತ್ತು ರಾತ್ರಿ ಸೀಸನ್ ಮುಗೀತದೆ, ಇರೋ ದರ್ಜೆ ಹಾಗೇ ಉಳೀತದೆ. ಕಾಗೆ ಇಟ್ಕೊಂಡು ಹೋಗಬೇಕಾ ಅವನು?" ಅವನ ದನಿ ಏರಿತು, ಬಾಗಿಲ ಕಡೆ ನೋಡಿ ತಗ್ಗಿಸಿದ. "ಪಾಸ್‌ವರ್ಡ್ ಬದಲಾಯಿಸಿದ್ರೆ ಮುಗೀತು. ನಾನು ನನ್ನ ಫೋನಲ್ಲಿ ಕೇಳ್ತೀನಿ, ಅವನ ಫೋನಿಗೆ ಆರು ಅಂಕಿ ಬರ್ತದೆ. ಹೇಳಿ ಸಾಕು."

ಒಡೆದ ಮೂಲೆಯ ಫೋನು ಅವಳ ಅಂಗೈಯಲ್ಲಿ ಅದುರಿತು. ನಾಲ್ಕು, ಒಂದು, ಒಂಬತ್ತು, ಒಂಬತ್ತು, ಸೊನ್ನೆ, ಎರಡು. ಹೇಳಿಬಿಟ್ಟರೆ ಅವಳನ್ನು ಯಾರೂ ಹಿಡಿಯುವುದಿಲ್ಲ. ಕಳ್ಳ ಯಾರೋ ದೂರದವನಾಗಿ ಉಳಿಯುತ್ತಾನೆ. ನಾಳೆ ಒಂದೂವರೆಗೆ ಅವಳು ಈ ಕಟ್ಟುಗಳ ನಡುವೆ ಊಟದ ಡಬ್ಬಿ ತೆರೆದು ಕೂರುತ್ತಾಳೆ, ಆ ಬೆನ್ನು ಇರುವುದಿಲ್ಲ.

"ನಾಲ್ಕು, ಒಂದು, ಒಂಬತ್ತು," ಎಂದಳು. "ಆರು, ಸೊನ್ನೆ, ಎರಡು."

"ತಪ್ಪು ಅಂತದೆ. ಸರಿ, ಇನ್ನೊಂದು ಕಳಿಸ್ತೀನಿ."

ಇನ್ನೊಂದು ಬಂತು. ಅದನ್ನೂ ಅವಳು ತಪ್ಪಾಗಿ ಓದಿದಳು. ಈ ಸಲ ಎರಡು ಅಂಕಿ. ಓದುವಾಗ ತನ್ನ ದನಿ ಆಸ್ಪತ್ರೆಯಲ್ಲಿ ಡಾಕ್ಟರಿಗೆ ಉತ್ತರ ಕೊಟ್ಟ ದನಿಯ ಹಾಗೇ ಗಟ್ಟಿಯಾಗಿ, ಕಲಿತವಳ ದನಿಯಾಗಿ ಇರುವುದು ಅವಳಿಗೇ ಕೇಳಿಸಿತು.

ಶಿಜು ತಲೆಯೆತ್ತಿದ. "ದಿನಕ್ಕೆ ಐವತ್ತು ಜನರ ಒಟಿಪಿ ಹೊಡೀತೀರಿ ನೀವು," ಎಂದ ನಿಧಾನವಾಗಿ. ಅವಳ ಮುಖ ನೋಡಿದ, ಕಟ್ಟುಗಳನ್ನು ನೋಡಿದ, ಗೋಡೆಗೆ ಚುಚ್ಚಿದ್ದ ಚಾರ್ಜರನ್ನು ನೋಡಿದ. "ಒಂದೂವರೆ ನಿಮ್ಮ ಊಟದ ಹೊತ್ತು."

ಹೊರಗೆ ಜೆರಾಕ್ಸ್ ಯಂತ್ರ ಸರಕ್ ಸರಕ್ ಎಂದು ಯಾರದೋ ಪುಟಗಳನ್ನು ಎಸೆಯುತ್ತಿತ್ತು. ಎಷ್ಟು ಪುಟವೆಂದು ಅವಳು ಕೇಳುತ್ತ ಕೂತಳು. ಬೈಯಲಿ. ಬೈದು ಹೋಗಿ ಊರಿಗೆಲ್ಲ ಹೇಳಲಿ.

"ಎಲ್ಲಿ ಇಳೀತೀರಿ?" ಎಂದ ಶಿಜು.

"ಏನು?"

"ವಿಮಾನದಿಂದ. ಎಲ್ಲಿ ಇಳೀತೀರಿ?"

"ಹೊಳೆ ಪಕ್ಕ. ಎರಡು ಗುಡಿಸಲು ಇದೆಯಲ್ಲ."

"ಅಯ್ಯೋ ಚೇಚಿ, ಅಲ್ಲಿ ಒಂದು ಕತ್ತೀನೂ ಸಿಗಲ್ಲ. ಅಲ್ಲಿ ಇಳಿದು ಏನ್ ಮಾಡ್ತೀರಿ?"

"ನಡೀತೀನಿ."

ಅವನು ಮೊಣಕೈ ತೊಡೆಗೆ ಊರಿ ನೆಲ ನೋಡುತ್ತ ಕೂತ. ಅವಳಿಗೆ ಒಮ್ಮೆಲೇ ಹೇಳಿಬಿಡಬೇಕೆನ್ನಿಸಿತು, ಈ ಕೋಣೆಯಲ್ಲಿ, ಇವನಿಗೇ. "ಕಣ್ಣು ಕೆಂಪಾಗಿದ್ದದ್ದು ನಾನು ನೋಡಿದ್ದೆ ಶಿಜು. ಮೊದಲ ದಿನದಿಂದ ನೋಡಿದ್ದೆ. ಆಟದ್ದು ಅಂದುಕೊಂಡೆ. ಅದಕ್ಕೊಂದು ಹೆಸರು ಬೇರೆ ಇಟ್ಟಿದ್ದೆ."

"ಕಳಿಗಣ್ಣು."

ಅವಳು ಬೆಚ್ಚಿದಳು. ಆ ಮಾತು ಮನೆಯ ಹೊಸಿಲು ದಾಟಿದ್ದು ಅವಳಿಗೆ ಗೊತ್ತಿರಲಿಲ್ಲ.

"ನಮಗೆಲ್ಲ ಗೊತ್ತು ಅದು. ಕೋಝಿಕ್ಕೋಡಿನವರೂ ಹೇಳ್ತಿದ್ರು. ನನ್ನ ಹೆಂಡತಿ ಕಟ್ಟಿದ ಮಾತು, ಎಂಎ ಕನ್ನಡ ಕಣ್ರೋ, ಅಂತ ಮೆರೀತಿದ್ದ ಅವನು." ಶಿಜು ಹೆಬ್ಬೆರಳಿನಿಂದ ತನ್ನ ಫೋನಿನ ಗಾಜು ಉಜ್ಜುತ್ತಿದ್ದ, ಅಲ್ಲಿ ಕಲೆಯೇನೂ ಇರಲಿಲ್ಲ. "ಎರಡನೇ ದಿನ ನಮಗೆ ಹೇಳಿದ್ದ. ಪನಿ ಇದೆ ಕಣ್ರೋ, ಮೈ ಸುಡ್ತಿದೆ, ಕಾಲು ಎತ್ತಕ್ಕಾಗ್ತಿಲ್ಲ ಅಂತ. ಮನೇಲಿ ಹೇಳು ಅಂದೆ. ಹೇಳಿದ್ರೆ ಕಳಿಗಣ್ಣು ಅಂತಾಳೆ, ಫೋನ್ ಹೋಗ್ತದೆ ಅಂದ. ನಾವು ನಕ್ಕೆವು. ಅವತ್ತು ಸರಿಯಾಗಿ ಆಡ್ಲಿಲ್ಲ, ಅವನಿಂದ ಸೋತೆವು. ನಾನು ಬೈದೆ. ಬಾರೋ ಕಳಿಗಣ್ಣಾ, ಇನ್ನೊಂದು ಮ್ಯಾಚು ಅಂದೆ." ಗಾಜು ಉಜ್ಜುವುದನ್ನು ನಿಲ್ಲಿಸಿದ. "ದಿನಾ ನಿಮ್ಮ ಮನೆ ಮುಂದೆ ಆಟೋದಲ್ಲಿ ಹೋಗ್ತೀನಿ ಚೇಚಿ ನಾನು. ನಿಲ್ಲಿಸಿ ಒಂದು ಮಾತು ಹೇಳಬಹುದಿತ್ತು."

ಹೇಳಿದ್ದರೆ ಎಂದು ಅವಳು ಯೋಚಿಸಲು ಹೋದಳು. ಆಗಲಿಲ್ಲ. ಅವನು ಅವಳಿಂದ ಮುಚ್ಚಿಟ್ಟಿದ್ದ, ಅವಳ ಮಾತಿಗೆ ಹೆದರಿ. ಅದೇ ಮಾತನ್ನು ಹೊರಗೆ ಹಂಚಿ ಮೆರೆದಿದ್ದ. ಎರಡೂ ಒಬ್ಬನೇ ಮನುಷ್ಯ, ಎರಡೂ ಒಂದೇ ವಾರ. ಯಾವುದನ್ನು ಹಿಡಿದುಕೊಳ್ಳಲಿ ಎಂದು ತಿಳಿಯದೆ ಫೋನನ್ನು ಎರಡು ಕೈಯಲ್ಲಿ ಹಿಡಿದುಕೊಂಡಳು. ಮೂರನೆಯ ಆರು ಅಂಕಿಗಳು ಬಂದು ಕೂತಿದ್ದವು. ಅವನು ಯಾವಾಗ ಕೇಳಿದ್ದನೋ. ಅವಳು ಓದಲಿಲ್ಲ, ಅವನೂ ಕೇಳಲಿಲ್ಲ. ಸಂಖ್ಯೆ ತನ್ನಷ್ಟಕ್ಕೆ ಮಾಯವಾಯಿತು.

"ಕಾಗೆ ಬೇಡ," ಎಂದಳು ಅಂಬಿಳಿ.

"ಅಂದ್ರೆ?"

"ರಾತ್ರಿಯೊಳಗೆ ಎಷ್ಟು ಏರಿಸಬಹುದು?"

ಶಿಜು ಅವಳನ್ನು ನೋಡಿದ, ಆಡಲು ಬಂದ ಹೊಸಬನನ್ನು ನೋಡುವ ಹಾಗೆ, ಕೈಬೆರಳುಗಳನ್ನು. "ಹದ್ದು ಆಗಲ್ಲ. ಗಿಡುಗ ನೋಡಬಹುದು. ನಾನು ಹೇಳಿದಲ್ಲಿ ಇಳೀಬೇಕು, ನಾನು ಹೇಳಿದಾಗ ಹೊಡೀಬೇಕು. ಹುಲ್ಲಲ್ಲಿ ಕೂರೋ ಹಾಗಿಲ್ಲ."

"ಹ್ಞೂಂ."

ಇಬ್ಬರೂ ತಮ್ಮ ತಮ್ಮ ಫೋನಿನಲ್ಲಿ ಒಂದೇ ವಿಮಾನ ಹತ್ತಿದರು. ಈ ಸಲ ಹೊಳೆಯ ಪಕ್ಕವಲ್ಲ, ಊರ ನಡುವೆ, ಹೆಂಚಿನ ಮನೆಗಳ ಮೇಲೆ ಇಳಿದರು. ಸುತ್ತ ಗುಂಡಿನ ಸದ್ದು. ಎಲ್ಲವೂ ತೀರಾ ಬೇಗ, ತೀರಾ ಹತ್ತಿರ. ಬಾಗಿಲು, ಮೆಟ್ಟಿಲು, ಕಿಟಕಿ. ಒಂದು ಬಂದೂಕು ಸಿಕ್ಕಿತು, ಎತ್ತಿಕೊಂಡಳು. ಯಾರೋ ಎದುರಿನ ಕೋಣೆಯಿಂದ ಓಡಿಬಂದರು. ಅವಳ ಬೆರಳು ಒತ್ತಿತು, ಗುಂಡು ಗೋಡೆಗೆ, ಸೂರಿಗೆ, ಎಲ್ಲಿಗೋ. "ಒತ್ತಿ ಹಿಡೀರಿ! ಬಿಡಬೇಡಿ!" ಒತ್ತಿ ಹಿಡಿದಳು. ಆ ಮನುಷ್ಯ ಮೊಣಕಾಲೂರಿ ಬಿದ್ದ. "ಬಿದ್ದ!" ಎಂದು ಕೂಗಿದ್ದು ತಾನೇ ಎಂದು ಅವಳಿಗೆ ಗೊತ್ತಾದದ್ದು ಜೆರಾಕ್ಸ್ ಯಂತ್ರ ನಿಂತಾಗ. ರೀನ ಚೇಚಿ ಬಾಗಿಲಲ್ಲಿ ನಿಂತಿದ್ದಳು, ಕೈಯಲ್ಲಿ ಯಾರದೋ ಭೂಪಟದ ನಕಲು.

"ಯಾರು ಬಿದ್ದದ್ದು? ಎಂತ ಆಯ್ತು?"

"ಕಳಿ ಚೇಚಿ," ಎಂದಳು ಅಂಬಿಳಿ, ಪರದೆಯಿಂದ ಕಣ್ಣೆತ್ತದೆ. "ನಾನು ಕಳಿಯಲ್ಲಿದ್ದೀನಿ. ಹತ್ತು ನಿಮಿಷ."

ರೀನ ಚೇಚಿ ಅಲ್ಲೇ ನಿಂತಳೋ ಹೋದಳೋ ನೋಡಲಿಲ್ಲ. ಕಣ್ಣು ಉರಿಯುತ್ತಿತ್ತು, ಎಷ್ಟು ಹೊತ್ತಿನಿಂದ ರೆಪ್ಪೆ ಮುಚ್ಚಿರಲಿಲ್ಲವೋ. ಅವಳ ಬೆನ್ನ ಹಿಂದೆ, ಆಟದೊಳಗೆ, ಮೆಟ್ಟಿಲ ಮೇಲೆ ಹೆಜ್ಜೆ ಕೇಳಿಸಿತು, ಒಂದಲ್ಲ, ಎರಡು. ನೀಲಿ ಅಂಗಿಯ ಬೆನ್ನು ಬಾಗಿಲಿಗೆ ಅಂಟಿಕೊಂಡಿತು. ಶಿಜು ಪಕ್ಕದಲ್ಲಿ ಮುಂದಕ್ಕೆ ಬಾಗಿದ್ದ, ಅವಳನ್ನು ಮರೆತಿದ್ದ, ಕೋಣೆಯನ್ನು ಮರೆತಿದ್ದ.

"ಎಡಕ್ಕೆ ಅಳಿಯಾ, ಎಡಕ್ಕೆ!"

ಇಲ್ಲಿನ ಹುಡುಗರು ಗೆಳೆಯನನ್ನು ಹಾಗೇ ಕರೆಯುವುದು. ಕರೆದವನ ಬಾಯಿ ತೆರೆದೇ ಉಳಿಯಿತು. ಅವನ ಬೆರಳು ನಿಂತುಹೋಯಿತು, ಅವನ ಗೊಂಬೆ ಅಂಗಳದ ನಡುವೆ ಸುಮ್ಮನೆ ನಿಂತುಬಿಟ್ಟಿತು.

ಅಂಬಿಳಿ ಆಗಲೇ ಎಡಕ್ಕೆ ತಿರುಗಿದ್ದಳು.